ಸೊಸೆಯ ಊಟ ಎಷ್ಟು ಗಂಟೆಗೆ

ಆ ವಿಡಿಯೋದಲ್ಲಿ ಕೇಳುವ ಧ್ವನಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬೇರೆಯವರ ತಪ್ಪುಗಳೂ ಬರುತ್ತವೆ. ಅವುಗಳ ನಡುವೆ ನನ್ನದು ಸಣ್ಣದಾಗಿ ಕಾಣಬಾರದು.

ವಿಡಿಯೋ ಒಂದು ನಿಮಿಷದ್ದು. ಹೊಲದ ಬದುವಿನ ಮೇಲೆ ಕಂಬಳಿ ಹಾಸಿದೆ. ನಡುವೆ ನಮ್ಮ ಅತ್ತೆ ಕೂತಿದ್ದಾರೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬುಟ್ಟಿ ಬಿಚ್ಚಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳ್ಳಿನ ಹೋಳಿಗೆ ಬಡಿಸುತ್ತಾಳೆ. ಅತ್ತೆ ಮೊದಲ ತುತ್ತನ್ನು ಅವಳ ಬಾಯಿಗೆ ಇಡುತ್ತಾರೆ. ಅವಳು ನಗುತ್ತಾಳೆ. ಹಿಂದಿನಿಂದ ನನ್ನ ಧ್ವನಿ ಬರುತ್ತದೆ: “ನಮ್ಮ ಮನೆಯಲ್ಲಿ ಸೊಸೆ ಎಂಬವಳಿಲ್ಲ, ಇರುವವರೆಲ್ಲ ಹೆಣ್ಣುಮಕ್ಕಳೇ. ಎಳ್ಳಮಾವಾಸ್ಯೆಯ ಶುಭಾಶಯಗಳು.”

ಅದು ಎಳ್ಳಮಾವಾಸ್ಯೆಯ ಬೆಳಿಗ್ಗೆ ಜನರ ಮೊಬೈಲಿಗೆ ಬಂದಿತು. ಆ ಬೆಳಿಗ್ಗೆ ನನ್ನ ನೆಗೆಣ್ಣಿ ಲಕ್ಷ್ಮೇಶ್ವರದ ತನ್ನ ತವರಿನಲ್ಲಿದ್ದಳು. ಪಂಚಮಿಗೆಂದು ಹೋದವಳನ್ನು ನಮ್ಮ ಮನೆಯವರು ಮರಳಿ ಕರೆದುಕೊಂಡು ಬಂದಿರಲಿಲ್ಲ. ಐದು ತಿಂಗಳಾಗಿತ್ತು.

ನಾನು ಮುಂಡರಗಿ ತಾಲೂಕಿನವಳು, ಸಿಂಗಟಾಲೂರಿನ ಹತ್ತಿರದ ಹಳ್ಳಿ. ನಮ್ಮ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಒಕ್ಕಲುತನಕ್ಕೆ ಇಳಿದ ಮನೆ. ಬೆಟಗೇರಿಗೆ ಸೊಸೆಯಾಗಿ ಬಂದಾಗ ಗದಗ ಆಗತಾನೆ ಜಿಲ್ಲೆಯಾಗಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿದವನು ಹಳೆಯ ರೂಢಿಯಲ್ಲಿ ‘ಜಿಲ್ಲಾ: ಧಾರವಾಡ’ ಎಂದೇ ಹಾಕಿಬಿಟ್ಟಿದ್ದ. ನಮ್ಮಪ್ಪ ಎಲ್ಲ ಪತ್ರಿಕೆಗಳನ್ನೂ ಮುಂದೆ ಹರವಿಕೊಂಡು, ಒಂದೊಂದನ್ನೂ ಪೆನ್ನಿನಿಂದ ತಿದ್ದಿದರು. ಯಾರು ಓದುತ್ತಾರೆ ಬಿಡು ಎಂದು ಅವ್ವ ಅಂದದ್ದಕ್ಕೆ, “ಓದಲಿಲ್ಲಂದ್ರೂ ತಪ್ಪು ತಪ್ಪs,” ಅಂದಿದ್ದರು. ನನಗೆ ಇದು ನೆನಪಾದದ್ದು ಬಹಳ ತಡವಾಗಿ.

ಗಂಡನ ಮನೆಯಲ್ಲಿ ಆಗ ನಾಲ್ಕು ಮಗ್ಗಗಳಿದ್ದವು, ಈಗ ಒಂದು. ನಾನು ಹನ್ನೆರಡು ವರ್ಷ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸಿದೆ. ಕೊರೋನಾದಲ್ಲಿ ಶಾಲೆಯೂ ಮುಚ್ಚಿತು, ಸೀರೆ ಒಯ್ಯುತ್ತಿದ್ದ ಅಂಗಡಿಗಳೂ ಮುಚ್ಚಿದವು. ಆಗ ನಾದಿನಿ ಮೊಬೈಲಿನಲ್ಲಿ ಸೀರೆ ತೋರಿಸಲು ಒಂದು ಪುಟ ತೆರೆದಳು.

ನಾದಿನಿಯನ್ನು ಎರಡು ಓಣಿ ಆಚೆಗೇ ಕೊಟ್ಟಿದ್ದರು. ಹತ್ತನೆಯ ಇಯತ್ತೆಗೇ ಶಾಲೆ ಬಿಡಿಸಿ ಲಗ್ನ ಮಾಡಿದ್ದರು. ಬೆಳಗಿನ ಕೆಲಸ ಮುಗಿಸಿ ದಿನವೂ ತವರಿಗೆ ಬರುತ್ತಿದ್ದಳು. ಮೊದಮೊದಲು ಸೀರೆಯನ್ನಷ್ಟೇ ತೋರಿಸುತ್ತಿದ್ದಳು, ನೋಡುವವರು ಇರಲಿಲ್ಲ. ಒಂದು ದಿನ ನಾನು ಹೊಸ ಸೀರೆ ಉಟ್ಟು ಅತ್ತೆಯ ಕಾಲಿಗೆ ಬಿದ್ದದ್ದನ್ನು ಸುಮ್ಮನೆ ವಿಡಿಯೋ ತೆಗೆದು ಪುಟಕ್ಕೆ ಹಾಕಿದಳು. ಆ ದಿನ ಅವಳ ಮೊಬೈಲು ಟಣ್ ಟಣ್ ಎಂದು ಬಡಿದುಕೊಳ್ಳುತ್ತಲೇ ಇತ್ತು.

“ವೈನಿ, ಸೀರಿ ನೋಡವೊಲ್ರು, ಕಾಲಿಗೆ ಬೀಳೂದು ನೋಡಾಕತ್ತಾರ,” ಅಂದಳು.

ಅಂದಿನಿಂದ ಪುಟದಲ್ಲಿ ಸೀರೆ ಹಿಂದಕ್ಕೆ ಸರಿಯಿತು, ಮನೆತನ ಮುಂದೆ ಬಂತು. ಅತ್ತೆಗೆ ಎಣ್ಣೆ ಹಚ್ಚುವುದು, ಗಂಡ ಕೆಲಸಕ್ಕೆ ಹೊರಟಾಗ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಲ್ಲುವುದು, ಎಲ್ಲರೂ ಕೂಡಿ ರೊಟ್ಟಿ ಬಡಿಯುವುದು. ನನ್ನದು ಪುಸ್ತಕದ ಕನ್ನಡವಾದ್ದರಿಂದ ಮಾತು ಬರೆಯುವ, ಓದುವ ಕೆಲಸ ನನಗೆ ಬಂತು. ಓಣಿಯ ಸದ್ದು ಬರಬಾರದೆಂದು ತಲೆಯ ಮೇಲೆ ಕೌದಿ ಹೊದ್ದು ಕೂತು ಓದುತ್ತಿದ್ದೆ. ನನಗೆ ಅದು ಸೇರಿತ್ತು. ಸೇರಿರಲಿಲ್ಲ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಗದಗಿನ ಬಸ್ ನಿಲ್ದಾಣದಲ್ಲಿ ಯಾರೋ ಅಪರಿಚಿತ ಹೆಣ್ಣುಮಗಳು ನಾದಿನಿಯ ಕೈ ಹಿಡಿದು, “ನಿಮ್ಮ ಮನಿ ನೋಡಿ ನಮ್ಮ ಮನ್ಯಾಗ ಜಗಳ ಕಡಿಮಿ ಆಗ್ಯಾವ್ರಿ,” ಅಂದಾಗ ನಾದಿನಿಯ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ. ತನ್ನ ಗಂಡನ ಮನೆಯಲ್ಲಿ ಮಾತ್ರ ಅವಳು ಒಂದು ವಿಡಿಯೋವನ್ನೂ ತೆಗೆಯಲಿಲ್ಲ. ಅಲ್ಲಿ ಅವಳಿಗೆ ಮೊಬೈಲು ಎತ್ತಿ ಹಿಡಿಯುವಷ್ಟು ಧೈರ್ಯವಿರಲಿಲ್ಲ. ಇದನ್ನು ನಾನು ಯಾವತ್ತೂ ಅವಳಿಗೆ ಆಡಿ ತೋರಿಸಿಲ್ಲ.

ನೆಗೆಣ್ಣಿ ಬಂದ ಮೇಲೆ ನನ್ನ ಮುಖಕ್ಕೆ ಬಿಡುವು ಸಿಕ್ಕಿತು. ಅವಳು ನಕ್ಕರೆ ನೋಡುವವರಿಗೂ ನಗಬೇಕು ಅನ್ನಿಸುತ್ತಿತ್ತು. ಜನ ಬರೆದ ಮಾತುಗಳಿಗೆ ಉತ್ತರ ಕೊಡುವ ಕೆಲಸವನ್ನೂ ನಾದಿನಿ ಅವಳಿಗೇ ಹಚ್ಚಿದಳು. ‘ಧನ್ಯವಾದ ಅಕ್ಕಾ’, ‘ನಿಮ್ಮ ಆಶೀರ್ವಾದ’ ಎಂದು ದಿನವೂ ಕೂತು ಬರೆಯುತ್ತಿದ್ದಳು.

ಅವಳ ಎರಡನೆಯ ವರ್ಷದ ಆಷಾಢ. ಲಗ್ನ ಮುಂಜಿ ಇಲ್ಲದ ತಿಂಗಳು, ಸೀರೆಗೆ ಕೇಳುವವರಿಲ್ಲ. “ಮುಂದ ಹಬ್ಬ ಹತ್ತಿದ್ರ ಕೈ ತೆರವ ಆಗೂದಿಲ್ಲ, ಈಗs ಎಲ್ಲಾ ತಗದ ಇಡೂಣು,” ಎಂದು ನಾದಿನಿ ಅಂದಳು. ಆ ಒಂದೇ ದಿನ ನಾವು ಗಣಪತಿಯಿಂದ ಹಿಡಿದು ಎಳ್ಳಮಾವಾಸ್ಯೆಯವರೆಗಿನ ಹಬ್ಬಗಳನ್ನೆಲ್ಲ ಮಾಡಿ ಮುಗಿಸಿದೆವು. ನಡುಹಗಲು ಕಿಟಕಿಗಳಿಗೆ ಚಾದರ ಕಟ್ಟಿ ದೀಪಾವಳಿಯ ಹಣತೆ ಹಚ್ಚಿದೆವು. ನೆಗೆಣ್ಣಿ ಒಂಬತ್ತು ಸೀರೆ ಬದಲಿಸಿದಳು.

“ಅಕ್ಕಾ, ಈಗ ಯಾವ ಹಬ್ಬದಾಗ ಅದೀವಿ?” ಎಂದು ಸೆರಗಿಗೆ ಪಿನ್ನು ಚುಚ್ಚಿಕೊಳ್ಳುತ್ತ ಕೇಳಿದಳು.

“ದಸರಾ ಮುಗೀತು. ಬನ್ನಿ ಕೊಟ್ಟೇವಿ.”

“ಹಂಗಾರ ಮೂರ ತಿಂಗಳಾತು ನಾ ಉಂಡು.”

ನಾವಿಬ್ಬರೂ ನಕ್ಕೆವು. ಗಂಟೆ ಆಗ ಎರಡೂವರೆ.

ಸಂಜೆ ನಾಲ್ಕಕ್ಕೆ ಪರಿಚಯದವರ ಹೊಲಕ್ಕೆ ಹೋದೆವು. ಚರಗ ಚೆಲ್ಲುವುದನ್ನು, ಅಂದರೆ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಒಯ್ದು ಭೂಮಿತಾಯಿಗೆ ಎಡೆ ಚೆಲ್ಲಿ ಉಣ್ಣುವುದನ್ನು, ತೆಗೆಯಬೇಕಿತ್ತು. ಹೊಲದಲ್ಲಿ ಹೆಸರುಕಾಳಿನ ಬೆಳೆ ನಿಂತಿತ್ತು. ಮೊಣಕಾಲೆತ್ತರ, ಕಾಯಿ ಕಟ್ಟಿತ್ತು, ಕೆಳಗಿನ ಕಾಯಿ ಕಪ್ಪಾಗಲು ಹತ್ತಿದ್ದವು.

“ಇದು ಮುಂಗಾರಿ ಪೀಕು,” ಎಂದು ನಾದಿನಿಗೆ ಹೇಳಿದೆ. “ಎಳ್ಳಮಾಸಿಗೆ ಹೊಲದಾಗ ಬಿಳಿಜ್ವಾಳ, ಕಡ್ಲಿ ಇರ್ತಾವ.”

“ಪೀಕು ಕಂಡ್ರ ಸಾಕ್ ವೈನಿ. ನೋಡೋ ಮಂದಿ ಹೊಲಾ ನೋಡ್ತಾರೋ, ಅತ್ತಿ ಸೊಸಿ ನೋಡ್ತಾರೋ?”

“ಹೊಲದಾಗ ಹುಟ್ಟಿದಾಕಿ ಹೊಲದ್ದs ಮಾತಾಡತಾಳ,” ಅತ್ತೆ ಕಂಬಳಿಯ ಮೇಲಿಂದ ಅಂದರು. “ಕುಂಡ್ರವಾ ಸುಮ್ನ.”

ನಾನು ಸುಮ್ಮನೆ ಕೂತೆ. ನೇಕಾರರ ಮನೆಯಲ್ಲಿ ಯಾರಿಗೂ ಅದು ತಪ್ಪೆಂದು ತಿಳಿಯುವಂತಿರಲಿಲ್ಲ. ತಿಳಿದವಳು ನಾನೊಬ್ಬಳೇ.

ಅದೇ ವಾರ, ರೊಟ್ಟಿಯ ವಿಡಿಯೋ ಒಂದರ ಕೆಳಗೆ ಯಾರೋ ಒಬ್ಬ ಹೆಣ್ಣುಮಗಳು ಬರೆದಿದ್ದಳು: ‘ಬಿಸಿ ರೊಟ್ಟಿ ಎಲ್ಲರಿಗೂ ಬಡಿಸುವ ಸೊಸೆಯ ಊಟ ಎಷ್ಟು ಗಂಟೆಗೆ?’ ನೆಗೆಣ್ಣಿ ಎಂದಿನಂತೆ ಉತ್ತರ ಕೊಟ್ಟಳು: ‘ಎಲ್ಲರದೂ ಆದ ಮೇಲೆ ಅಕ್ಕಾ, ಮೂರು ಗಂಟೆ ಹೊತ್ತಿಗೆ.’

ಅದರಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಕೇಳಿದರು, ಹೇಳಿದಳು. ಆದರೆ ಅದು ಹೋದದ್ದು ಪುಟದ ಕಡೆಯಿಂದಲೇ, ಮನೆಯೇ ಬಾಯಿಬಿಟ್ಟು ಹೇಳಿದಂತೆ. ಸಂಜೆಯೊಳಗೆ ಅದರ ಕೆಳಗೆ ಹೆಂಗಸರ ಸಾಲು ಹತ್ತಿತು. ‘ನಮ್ಮಲ್ಲಿ ನಾಲ್ಕು.’ ‘ನಮ್ಮಲ್ಲಿ ಮಾವನವರು ಎದ್ದ ಮೇಲೆ.’ ‘ನನ್ನದು ನಿಂತುಕೊಂಡೇ.’ ‘ಪಲ್ಯ ಉಳಿದರೆ ಪಲ್ಯ.’ ನಾನು ಕೂತು ಒಂದೊಂದನ್ನೇ ಓದಿದೆ. ಶಾಲೆಗೆ ಹೋದ ದಿನಗಳನ್ನು ಬಿಟ್ಟರೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನೂ ಮೂರಕ್ಕೇ ಉಂಡಿದ್ದೆ. ಗಂಡಸರು ಒಬ್ಬೊಬ್ಬರಾಗಿ ಬರುತ್ತಾರೆ, ಬಂದವರಿಗೆ ಹಂಚಿನ ಮೇಲಿನ ರೊಟ್ಟಿಯೇ ಬೇಕು, ಹಾಗೆ ಮೂರಾಗುತ್ತದೆ. ಯಾರೂ ನನ್ನನ್ನು ಉಪವಾಸ ಕೆಡವಿರಲಿಲ್ಲ. ನಾನು ಗಡಿಯಾರ ನೋಡಿರಲಿಲ್ಲ, ಅಷ್ಟೆ.

ನಾದಿನಿ ಓಡುತ್ತ ಬಂದು ಎಲ್ಲವನ್ನೂ ಅಳಿಸಿದಳು. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನೆಗೆಣ್ಣಿಯನ್ನು ಕರೆದು, “ನಿನಗೆ ಉಪಾಸ ಹಾಕೇನೇನ ನಾನು?” ಎಂದು ಕೇಳಿದರು.

“ಇಲ್ರಿ ಅತ್ತಿ. ಟೈಮ್ ಕೇಳಿದ್ರು.”

“ಮನಿ ಮರ್ಯಾದಿ ಕೇಳಿದ್ರೂ ಕೊಡ್ತಿದ್ದಿ.”

ಪಂಚಮಿಗೆ ಅವಳ ಅವ್ವ ಬಂದು ಕರೆದುಕೊಂಡು ಹೋದಳು. ಹಬ್ಬ ಮುಗಿದ ಮೇಲೆ ಕರೆತರಬೇಕಾದವರು ನಾವು. ಅತ್ತೆ ಹೋಗಗೊಡಲಿಲ್ಲ. “ಆ ವಿಡಿಯೋದಾಗs ನಿಂತು ತಪ್ಪಾತು ಅನ್ಲಿ. ನಾನು ಹೇಳಿದ್ದು ಸುಳ್ಳು, ನಮ್ಮ ಅತ್ತಿ ಮನಿ ಬಂಗಾರದಂಥಾದ್ದು ಅನ್ಲಿ. ಅಂದ್ರ ಬರ್ಲಿ.” ಮೈದುನ ತಲೆ ತಗ್ಗಿಸಿಕೊಂಡು ವರ್ಕ್‌ಶಾಪಿಗೆ ಹೋದ. ನೆಗೆಣ್ಣಿ ಲಕ್ಷ್ಮೇಶ್ವರದಿಂದ ಒಂದೇ ಮಾತು ಹೇಳಿ ಕಳಿಸಿದಳು: ಆ ಮಾತು ಅನ್ನುವುದಿಲ್ಲ.

ತಿಂಗಳುಗಳು ಹೋದವು. ವಿಡಿಯೋಗಳು ಮಾತ್ರ ಹಬ್ಬಕ್ಕೊಂದರಂತೆ ಬರುತ್ತಲೇ ಇದ್ದವು. ಮನೆಯಲ್ಲಿಲ್ಲದ ಹುಡುಗಿ ಗಣಪತಿಗೆ ಕಡುಬು ಮಾಡಿದಳು, ದೀಪಾವಳಿಗೆ ಆರತಿ ಬೆಳಗಿದಳು. ಪ್ರತಿಯೊಂದಕ್ಕೂ ನಾನು ಕೌದಿ ಹೊದ್ದು ಧ್ವನಿ ಕೊಟ್ಟೆ. ಅವಳು ಇಲ್ಲ ಎಂದು ಗೊತ್ತಿದ್ದೂ ಕೊಟ್ಟೆ. ಕೇಳಿದರು, ಕೊಟ್ಟೆ, ನನ್ನ ಬಳಿ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಎಳ್ಳಮಾವಾಸ್ಯೆಯಾದ ಮೇಲೆ ಹಿರಿಯರನ್ನು ಕೂಡಿಸಿದರು. ಲಕ್ಷ್ಮೇಶ್ವರದಲ್ಲಿ, ಹುಡುಗಿಯ ತವರಿನಲ್ಲಿ. ನಮ್ಮ ಕಡೆಯಿಂದ ಅತ್ತೆ, ನಾದಿನಿ, ಮೈದುನ, ನಾನು, ಬೆಟಗೇರಿಯ ಇಬ್ಬರು ಹಿರಿಯರು. ಅವರ ಕಡೆಯಿಂದ ಹುಡುಗಿಯ ಅವ್ವ ಮತ್ತು ಸೋದರಮಾವ. ಸೋದರಮಾವ ಶಿರಹಟ್ಟಿ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡುವವರು. ಬಸ್ಸಿನಲ್ಲಿ ಹೋಗುವಾಗ ಅತ್ತೆ ನನ್ನ ಕೈಗೆ ವಹಿಯ ಹಾಳೆ ಕೊಟ್ಟು, “ಆಕಿ ಏನ್ ಅನ್ನಬೇಕಂತ ಚಂದಾಗಿ ಬರಿ,” ಅಂದಿದ್ದರು. ನಾನು ನಾಲ್ಕು ಸಾಲು ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೆ.

ನೆಗೆಣ್ಣಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸ್ವಲ್ಪ ಸೊರಗಿದ್ದಳು. ನನ್ನನ್ನು ನೋಡಿದಳು.

ಸೋದರಮಾವನೇ ಶುರು ಮಾಡಿದರು. “ಏನವಾ, ಮನಿ ಅಂದ ಮ್ಯಾಲ ಒಂದ ಮಾತು ಬರ್ತೈತಿ ಹೋಗ್ತೈತಿ. ಉಣ್ಣೋ ಟೈಮು ಊರಿಗೆಲ್ಲಾ ಸಾರೂದಾ?”

“ಕೇಳಿದ್ರು ಮಾವಾ, ಹೇಳಿದೆ.”

“ಪಂಚಮಿಯಿಂದ ಕರದಿಲ್ಲ ಅಂತಾಳ ನಿಮ್ಮವ್ವ. ದೀಪಾವಳಿಗೆ ಆರತಿ ಹಿಡಕೊಂಡು ನಿಂತಿದ್ದಿ, ನಾನs ನೋಡೇನಿ. ಮೊನ್ನಿ ಎಳ್ಳಮಾಸಿಗೆ ಅತ್ತಿ ಕೈತುತ್ತು ಉಂಡಿ. ಅದನ್ನೂ ನೋಡೇನಿ. ಯಾವ್ದು ಖರೆ?”

“ಅವು ಮೊದಲs ತಗದಿದ್ವು.”

“ಹಬ್ಬಕ್ಕಿಂತ ಮೊದಲ ಹಬ್ಬ ಹೆಂಗ್ ಬರ್ತೈತಿ?” ಎಂದು ಬೆಟಗೇರಿಯ ಹಿರಿಯರೊಬ್ಬರು ನಕ್ಕರು.

ಸೋದರಮಾವ ನಾದಿನಿಯ ಕಡೆ ತಿರುಗಿದರು. “ಹಬ್ಬಕ್ಕ ಬಂದಿದ್ಲಲ್ಲೇನವಾ ನಿಮ್ಮ ಮನಿಗೆ?”

ನಾದಿನಿ ನನ್ನನ್ನು ನೋಡಿದಳು. ಆಮೇಲೆ, “ಬಂದಿದ್ಲ್ರಿ,” ಅಂದಳು. ಸಣ್ಣ ದನಿಯಲ್ಲಿ. ಮೈದುನ ಚಾಪೆಯ ಕಡ್ಡಿ ಕೀಳುತ್ತ ಕೂತಿದ್ದ. ನಾನೂ ಸುಮ್ಮನಿದ್ದೆ.

ಆಗ ಹುಡುಗಿಯ ಅವ್ವ ಅಳಲು ಹತ್ತಿದಳು. ಕಿರಿಯ ಮಗಳಿಗೆ ಸಂಬಂಧ ನೋಡುತ್ತಿದ್ದರು; ಹಿರಿಯಳು ಸುಳ್ಳುಬುರುಕಿ, ಗಂಡನ ಮನೆ ಬಿಟ್ಟವಳು ಎಂದು ಸುದ್ದಿ ಹಬ್ಬಿದರೆ ಆ ಮಾತು ಮುರಿಯುತ್ತಿತ್ತು. “ಅಂದ್ಬಿಡವಾ ಒಂದ ಮಾತು. ನಿನ್ನ ತಂಗಿ ಮಾರಿ ನೋಡಿ ಅಂದ್ಬಿಡು.”

ನಾದಿನಿ ಮೊಬೈಲು ತೆಗೆದು ಬೆಳಕು ನೋಡಿದಳು. ಕಿಟಕಿಯ ಎದುರು ನಿಲ್ಲುವಂತೆ ಹುಡುಗಿಗೆ ಕೈ ಮಾಡಿದಳು. ಅತ್ತೆ ನನಗೆ ಕಣ್ಣು ಸನ್ನೆ ಮಾಡಿದರು, ಹಾಳೆ ಕೊಡು ಎಂದು.

ನೆಗೆಣ್ಣಿ ಕದಲಲಿಲ್ಲ. “ತಪ್ಪಿದ್ರ ಅಂತಿದ್ದೆ ಯವ್ವಾ. ಮೂರಕ್ಕ ಉಣ್ತಿದ್ದೆ, ಮೂರು ಅಂದೆ. ಒಂದು ಅನ್ನಬೇಕಿತ್ತೇನ?”

“ನೋಡ್ರಿ ಮತ್ತ, ಬಾಯಿ ನೋಡ್ರಿ,” ಅತ್ತೆ ಅಂದರು.

ನನ್ನ ಕೈ ಚೀಲದೊಳಗೆ ಹೋಗಿತ್ತು. ಹಾಳೆ ಬೆರಳಿಗೆ ಸಿಕ್ಕಿತ್ತು. ನಮ್ಮಪ್ಪ ನೆಲದ ಮೇಲೆ ಲಗ್ನಪತ್ರಿಕೆ ಹರವಿಕೊಂಡು ಕೂತದ್ದು ಆ ಕ್ಷಣದಲ್ಲಿ ಯಾಕೆ ಕಣ್ಣಿಗೆ ಬಂತೋ ಗೊತ್ತಿಲ್ಲ. ನಾನು ಕೈಯನ್ನು ಬರಿದಾಗಿಯೇ ಹೊರಗೆ ತೆಗೆದೆ.

“ಕಾಕಾರ,” ಎಂದು ಸೋದರಮಾವನಿಗೆ ಹೇಳಿದೆ, “ಆ ಎಳ್ಳಮಾಸಿ ವಿಡಿಯೋ ಒಮ್ಮಿ ಹಚ್ರಿ.”

“ನೋಡೇನಿ ಬಿಡವಾ.”

“ಹುಡುಗಿ ಮಾರಿ ನೋಡೀರಿ. ಈಗ ಹಿಂದಿನ ಹೊಲ ನೋಡ್ರಿ.”

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೊಬೈಲನ್ನು ದೂರ ಹಿಡಿದರು, ಹತ್ತಿರ ಹಿಡಿದರು. ನನ್ನ ಧ್ವನಿ ಆ ಸಣ್ಣ ಮನೆಯಲ್ಲಿ ಗಟ್ಟಿಯಾಗಿ ಕೇಳಿತು: ನಮ್ಮ ಮನೆಯಲ್ಲಿ ಸೊಸೆ ಎಂಬವಳಿಲ್ಲ. ಅವರು ಮತ್ತೊಮ್ಮೆ ಹಚ್ಚಿದರು. ಮೂರನೆಯ ಸಲ ಬೆರಳಿಟ್ಟು ನಿಲ್ಲಿಸಿದರು.

“ಇದು ಹೆಸರಲ್ಲೇನ?”

“ಹೌದ್ರಿ.”

“ಕಾಯಿ ಕಪ್ಪಾಗ್ಯಾವ.” ಅವರು ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡಿದರು. “ಎಳ್ಳಮಾಸ್ಯಾಗ ಎಲ್ಲೀ ಹೆಸರು? ಗಣಪತಿ ಕುಂಡ್ರೂದ್ರಾಗ ರಾಶಿ ಮಾಡಿ ಮನಿಗೆ ತಂದಿರ್ತೀವಿ. ಆ ಹೊಲದಾಗ ಈಗ ಕಡ್ಲಿ ಇರಬೇಕು.”

“ಆಷಾಢದಾಗ ತಗದದ್ದು ಕಾಕಾರ. ಗಣಪತಿ, ದಸರಾ, ದೀಪಾವಳಿ, ಎಲ್ಲಾ ಒಂದ ದಿನ ತಗದೇವಿ. ಪಂಚಮಿಗೆ ಇಲ್ಲಿಗೆ ಬಂದಾಕಿ ಆಕಿ ತಿರುಗಿ ನಮ್ಮ ಮನಿಗೆ ಬಂದಿಲ್ಲ. ನಾವು ಕರದಿಲ್ಲ.”

ಸೋದರಮಾವ ಬೆಟಗೇರಿಯ ಹಿರಿಯರಿಗೆ ಮೊಬೈಲು ಕೊಟ್ಟರು. “ಏನ್ ಮಾರಾಯ್ರ, ಆಷಾಢದಾಗ ಚರಗ ಚೆಲ್ಲೀರಿ? ಯಾರ ಹೊಲಾ ಅದು? ಅವನಾದ್ರೂ ಒಂದ ಮಾತು ಹೇಳಬಾರದಾ.” ಹಿರಿಯರು ನಕ್ಕರು. ನಕ್ಕ ಮೇಲೆ ಅವರಿಗೆ ಮತ್ತೆ ಗಂಭೀರವಾಗುವುದು ಕಷ್ಟವಾಯಿತು.

ನಾದಿನಿ ನನ್ನ ಕಡೆ ತಿರುಗಿದಳು. “ಅದರಾಗ ಧ್ವನಿ ಯಾರದೈತಿ, ಅದನ್ನೂ ಹೇಳು ವೈನಿ.”

“ನಂದು. ಸುಳ್ಳು ನಾನೂ ಹೇಳೇನಿ. ಆಕಿ ಒಬ್ಬಾಕಿ ಖರೆ ಹೇಳ್ಯಾಳ. ತಪ್ಪಾತು ಅನ್ನೋದಿದ್ರ ನನ್ನ ನಿಂದ್ರಸು ಕಿಟಕಿ ಮುಂದ, ನಾ ಅಂತೇನಿ.”

ಅವಳು ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಳು.

ಸೋದರಮಾವ ತಮ್ಮ ತಂಗಿಯ, ಅಂದರೆ ಹುಡುಗಿಯ ಅವ್ವನ ಕಡೆ ನೋಡಿ, “ಹುಡುಗಿ ಏನೂ ಅನ್ನೂದು ಬ್ಯಾಡ,” ಅಂದರು. “ಅಳೂದು ಬಿಡು, ಚಾ ಇಡು.” ಆಮೇಲೆ ಮೈದುನನಿಗೆ, “ನೀ ಚಾಪಿ ಕೀಳೂದು ಬಿಡೋ ತಮ್ಮಾ, ಇವರ ಮನ್ಯಾಗ ಚಾಪಿ ಅದೊಂದs ಐತಿ.”

ಬಸ್ಸಿನಲ್ಲಿ ಮರಳುವಾಗ ಅತ್ತೆ ಬೇರೆ ಸೀಟಿನಲ್ಲಿ ಕೂತರು. ನಾದಿನಿ ಅವರ ಪಕ್ಕಕ್ಕೆ. ನಾನು ಕಿಟಕಿಯ ಬಳಿ ಒಬ್ಬಳೇ. ಮಾಗಡಿ ಕೆರೆಯಲ್ಲಿ ಚಳಿಗಾಲದ ಹಕ್ಕಿಗಳು ತುಂಬಿಕೊಂಡಿದ್ದವು, ಆಚೆಯ ಹೊಲಗಳಲ್ಲಿ ಕಡಲೆ ಹೂ ಬಿಟ್ಟಿತ್ತು. ಚೀಲದಿಂದ ಆ ಹಾಳೆ ತೆಗೆದು ಸಣ್ಣಗೆ ಹರಿದು, ತುಂಡುಗಳನ್ನು ಮತ್ತೆ ಚೀಲಕ್ಕೇ ಹಾಕಿಕೊಂಡೆ.

ನೆಗೆಣ್ಣಿ ಆ ಮಾತು ಅನ್ನಲಿಲ್ಲ. ನಮ್ಮ ಮನೆಗೂ ಬರಲಿಲ್ಲ. ಯುಗಾದಿ ಹೊತ್ತಿಗೆ ಮೈದುನ ಗದಗಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ತಾನೇ ಹೋಗಿ ಅವಳನ್ನು ಕರೆದುಕೊಂಡು ಬಂದ. ತಂಗಿಯ ಸಂಬಂಧವೂ ಮುರಿಯಲಿಲ್ಲ. ನಾದಿನಿ ಪುಟದಲ್ಲಿ ಕೂಡಿ ಬಾಳುವ ಮನೆಗಳನ್ನು ಒಡೆಯುವ ಹೆಂಗಸರ ಬಗ್ಗೆ ಒಂದು ವಿಡಿಯೋ ಹಾಕಿದಳು. ಧ್ವನಿ ಬೇರೆ ಯಾರದೋ ಇತ್ತು, ಚೆನ್ನಾಗಿಯೇ ಇತ್ತು. ಒಡೆಯುವ ಹೆಂಗಸರಲ್ಲಿ ಒಬ್ಬಳು ನಾನೆಂದು ಓಣಿಯಲ್ಲಿ ಎಲ್ಲರಿಗೂ ತಿಳಿಯಿತು. ತಿಳಿಯಲಿ.

ನಾನು ಅದೇ ಮನೆಯಲ್ಲಿದ್ದೇನೆ. ಲಕ್ಷ್ಮೇಶ್ವರದಿಂದ ಬಂದ ಮರುದಿನವೇ ಒಂದು ಗಂಟೆಗೆ ತಾಟು ಹಾಕಿಕೊಂಡು ಅಡುಗೆಮನೆಯಲ್ಲಿ ಉಣ್ಣಲು ಕೂತೆ. ಮಗ್ಗದಿಂದ ಎದ್ದು ಬಂದ ನನ್ನ ಗಂಡ ಬಾಗಿಲಲ್ಲಿ ನಿಂತರು.

“ರೊಟ್ಟಿ ಬುಟ್ಯಾಗ ಅದಾವ,” ಅಂದೆ.

“ಆರ್ಯಾವಲ್ಲ?”

“ನಂದೂ ಆರ್ಯಾವ. ದಿನಾ ಆರಿದ್ದs ಉಂಡೇನಿ, ಏನೂ ಆಗೂದಿಲ್ಲ.”

ಅವರು ತಾವೇ ತಾಟು ತೆಗೆದುಕೊಂಡರು. ಅತ್ತೆ ಒಂದು ವಾರ ನನ್ನ ಮುಂದೆ ಉಣ್ಣಲಿಲ್ಲ. ಆಮೇಲೆ ಉಂಡರು.

ಇದೇ ವರ್ಷದ ಪಂಚಮಿಯ ಹಿಂದಿನ ದಿನ. ಎಂದಿನಂತೆ ಒಂದು ಗಂಟೆಗೆ ಉಣ್ಣುತ್ತಿದ್ದೆ. ಉಂಡೆ ಕಟ್ಟುವ ವಿಡಿಯೋ ತೆಗೆಯಲು ನಾದಿನಿ ಮೊಬೈಲು ಹಿಡಿದೇ ಒಳಗೆ ಬಂದಳು. ನನ್ನನ್ನು ಕಂಡು ನಿಂತಳು. ಅವಳ ಕೈಯಲ್ಲಿದ್ದ ಮೊಬೈಲು ನನ್ನ ಕಡೆಗೇ ಇತ್ತು. ತೆಗೆಯುತ್ತಿದ್ದಳೋ ಇಲ್ಲವೋ, ನನಗೆ ಕಾಣಲಿಲ್ಲ.

“ತಗೀ,” ಅಂದೆ. “ಆದ್ರ ಗೋಡಿ ಮ್ಯಾಲಿನ ಗಡಿಯಾರ ಕಾಣೂ ಹಂಗ ತಗೀ.”

ಅವಳು ಗೋಡೆಯನ್ನು ನೋಡಿದಳು. ಆಮೇಲೆ ಕೈ ಇಳಿಸಿದಳು.

“ನೀ ಉಂಡಿಯೇನ?” ಎಂದು ಕೇಳಿದೆ.

“ಇಲ್ಲ,” ಅಂದಳು. “ನಮ್ಮ ಅತ್ತಿ ಮನ್ಯಾಗ ಇನ್ನೂ ಯಾರದೂ ಊಟ ಆಗಿಲ್ಲ.”

ನಾನು ಇನ್ನೊಂದು ರೊಟ್ಟಿ ಹಾಕಿಕೊಂಡು ಉಂಡೆ.